ಹಳೆ ಟ್ರ್ಯಾಕ್ಟರಿನ ಎಂಟು ನಟ್ಟು

ಹೊಳೆದಂಡೆಯ ಮಠದ ನಿರ್ವಾಣಜ್ಜರು ಸ್ವಾಮಿಗಳಾಗುವ ಮೊದಲು ಇಪ್ಪತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದವರು. ಕಾವಿ ಉಟ್ಟು ಎಷ್ಟೋ ಕಾಲವಾಗಿದ್ದರೂ ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಆಶೀರ್ವಾದಕ್ಕೆ ತಲೆಬಾಗಿದವರಿಗೆ ವಿಭೂತಿಯ ಜೊತೆ ಒಂದಿಷ್ಟು ಗ್ರೀಸಿನ ವಾಸನೆಯೂ ದಕ್ಕುತ್ತಿತ್ತು.

ಅವರ ಶಿಷ್ಯ ಅಡಿವೆಪ್ಪನಿಗೆ ಐವತ್ತು ದಾಟಿತ್ತು. ಒಂದು ದಿನ ಹೊತ್ತಿಳಿಯುವಾಗ ಅವನು ಹೊಳೆ ದಾಟಿ ಬಂದು, ಕೈಯಲ್ಲಿದ್ದ ಸೀರೆಯ ಗಂಟನ್ನು ಮಠದ ಕಟ್ಟೆಯ ಮೇಲೆ ಎಸೆದು ಕುಳಿತ.

“ಮಗಳು ಸೀರಿ ತಗೊಳ್ಳಲಿಲ್ಲೇನು?” ಎಂದು ಅಜ್ಜರು ಕೇಳಿದರು.

“ಬಾಗಿಲಾನ ತಗೀಲಿಲ್ರೀ ಅಜ್ಜಾರ. ಇದು ಮೂರನೇ ಸಲ.”

ಅಡಿವೆಪ್ಪನಿಗೆ ಇದ್ದವಳು ಅವಳೊಬ್ಬಳೇ, ನೀಲವ್ವ. ಐದು ವರ್ಷದ ಹಿಂದೆ ತಾನು ಮೆಚ್ಚಿದವನನ್ನು ಮದುವೆಯಾಗಿ ಹೊಳೆಯಾಚೆಯ ಊರಿಗೆ ಹೋದಳು. ಇನ್ನು ಅವಳ ಮುಖ ನೋಡುವುದಿಲ್ಲ ಎಂದು ಅಪ್ಪ ಹಟ ಹಿಡಿದ. ಮರುವರ್ಷ ಹೆಂಡತಿ ತೀರಿಕೊಂಡಾಗ, ತಾಯಿಯ ಮಣ್ಣಿಗೆಂದು ಅಳುತ್ತಾ ಓಡಿಬಂದ ಮಗಳನ್ನು ಊರ ಅಗಸಿ ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಿಬಿಟ್ಟ. ಅವಳು ತಾಯಿಯ ಮುಖವನ್ನೂ ನೋಡಲಿಲ್ಲ, ಒಂದು ಹಿಡಿ ಮಣ್ಣನ್ನೂ ಹಾಕಲಿಲ್ಲ.

ತಾನು ಎಂಥ ಕೆಲಸ ಮಾಡಿದೆ ಎಂಬುದು ಅವನಿಗೆ ತಿಳಿದದ್ದು ಆಮೇಲೆ, ಖಾಲಿ ಮನೆಯಲ್ಲಿ ಒಬ್ಬನೇ ಕೂತಾಗ. ಅವನು ಮಠ ಸೇರಿದ್ದೂ ಆ ಸಂಕಟಕ್ಕೇ.

“ಬಾಗಿಲದಾಗ ನಿಂತು ಏನಂದಿ?”

“ನಿನ್ನ ತಪ್ಪೆಲ್ಲಾ ಮರತೀನಿ, ಬಾಗಿಲಾ ತಗಿ ಅಂದೆ. ತಗೀಲಿಲ್ಲ. ಕೈ ನೋಯೂ ಮಟಾ ಬಡದೆ. ಆದ್ರೂ ತಗೀಲಿಲ್ಲ.”

ಅಜ್ಜರು ಅವನ ಕೈ ಹಿಡಿದು ನೋಡಿದರು. ಗೆಣ್ಣುಗಳು ಕೆಂಪಗೆ ಊದಿದ್ದವು.

“ಗಟ್ಟಿ ಕೈ ಅದಾವ. ನಾಳೆ ಬೇವಿನ ಗಿಡದ ಕೆಳಗಿನ ಟ್ರ್ಯಾಕ್ಟರಿನ ದೊಡ್ಡ ಗಾಲಿ ಬಿಚ್ಚು.”

ಅಡಿವೆಪ್ಪನಿಗೆ ಸಿಟ್ಟು ಬಂತು. ಮಗಳ ಮಾತಾಡಿದರೆ ಗಾಲಿಯ ಮಾತಾಡುತ್ತಾರಲ್ಲ! ಆದರೆ ಗುರುಗಳ ಮುಂದೆ ಸಿಟ್ಟು ತೋರಿಸುವಂತಿಲ್ಲ. ಹೂಂ ಎಂದ.

ಆ ಟ್ರ್ಯಾಕ್ಟರು ಯಾರೋ ಭಕ್ತರು ಮಠಕ್ಕೆ ಕೊಟ್ಟದ್ದು. ಹನ್ನೆರಡು ವರ್ಷದಿಂದ ನಿಂತಲ್ಲೇ ನಿಂತಿತ್ತು. ಅದರ ಸೀಟು ಕೋಳಿಗಳ ಪಾಲಾಗಿತ್ತು. ದೊಡ್ಡ ಗಾಲಿಗೆ ಎಂಟು ನಟ್ಟು, ಎಂಟಕ್ಕೂ ದಪ್ಪನೆಯ ತುಕ್ಕು.

ಬೆಳಿಗ್ಗೆ ಅಡಿವೆಪ್ಪ ನಟ್ಟು ಬಿಚ್ಚುವ ಪಾನಾ ತಂದು ಮೊದಲನೇ ನಟ್ಟಿಗೆ ಹಚ್ಚಿ ಎಡಕ್ಕೆ ಜಗ್ಗಿದ. ಅದು ಅಲುಗಲಿಲ್ಲ. ಹಲ್ಲು ಕಚ್ಚಿ ಜಗ್ಗಿದ, ಆಗಲೂ ಅಲುಗಲಿಲ್ಲ. ಪಾನಾದ ಹಿಡಿಗೆ ಮಾರುದ್ದದ ಪೈಪು ಸಿಗಿಸಿ, ಮೈಭಾರವೆಲ್ಲ ಹಾಕಿ ಜೋತುಬಿದ್ದ.

ಫಟ್ ಎಂದು ಸದ್ದಾಯಿತು. ಅಡಿವೆಪ್ಪ ಅಂಗಾತ ಬಿದ್ದ. ಕೋಳಿಗಳು ಕಿರುಚುತ್ತಾ ಹಾರಿದವು.

ಅಜ್ಜರು ಬಂದು ಹುಲ್ಲಿನಲ್ಲಿ ಬಿದ್ದಿದ್ದ ನಟ್ಟನ್ನು ಎತ್ತಿಕೊಂಡರು. ಅದರೊಳಗೆ ಬೋಲ್ಟಿನ ಮುರಿದ ತುಂಡು ಹಾಗೇ ಕಚ್ಚಿಕೊಂಡಿತ್ತು. ಅದನ್ನು ಅಡಿವೆಪ್ಪನ ಅಂಗೈಯಲ್ಲಿಟ್ಟರು.

“ಬಂತಲ್ಲ.”

“ಮುರೀತ್ರೀ ಅಜ್ಜಾರ.”

“ಮುರದ್ರೂ ನಟ್ಟು ಬಿಡಲಿಲ್ಲ ನೋಡು.”

ಅಡಿವೆಪ್ಪ ತಲೆ ತಗ್ಗಿಸಿದ. ಅಜ್ಜರು ಬೈಯಲಿಲ್ಲ. ಮೊದಲು ಅವನ ಬೆನ್ನು ಸವರಿ, ಎಲ್ಲಿ ಪೆಟ್ಟಾಯಿತು ಎಂದು ಕೇಳಿದರು. ಆಮೇಲೆ ಒಳಗಿಂದ ಒಂದು ಡಬ್ಬಿ, ಒಂದಿಷ್ಟು ಅರಿವೆ, ಒಂದು ಸಣ್ಣ ಸುತ್ತಿಗೆ ತಂದರು.

“ಇನ್ನ ಏಳು ಉಳದಾವ. ಚಿಮಣಿ ಎಣ್ಣಿ ಐತಿ, ಎಂಜಿನ್ ಆಯಿಲ್ ಕೂಡಿಸೀನಿ. ತುಕ್ಕು ತಿಕ್ಕು, ಎಣ್ಣಿ ಬಿಡು, ಅರಿವಿ ಸುತ್ತು. ಆಮ್ಯಾಲ ನಟ್ಟಿನ ಸುತ್ತಲೂ ಮೆಲ್ಲಕ ಬಡಿ.”

“ಎಷ್ಟು ಮೆಲ್ಲಕರೀ?”

“ಮಲಗಿದ ಕೂಸಿನ ಬೆನ್ನು ತಟ್ಟೂದಿಲ್ಲೇನು? ಅದಕಿಂತ ಸ್ವಲ್ಪ ಜೋರು.”

ಮರುದಿನ ಅಡಿವೆಪ್ಪ ಕೇಳಿದ. “ಪಾನಾ ಹಚ್ಚಲೇನ್ರೀ?”

“ಎಣ್ಣಿ ಬಿಡು.”

ಮೂರನೆಯ ದಿನವೂ ಕೇಳಿದ.

“ಎಣ್ಣಿ ಬಿಡು.”

ಐದನೆಯ ದಿನ ಅವನು ಕೇಳುವುದನ್ನೇ ಬಿಟ್ಟ. ಬೆಳಿಗ್ಗೆ ಎದ್ದು ಎಣ್ಣೆ ಬಿಡುತ್ತಿದ್ದ, ಬಡಿಯುತ್ತಿದ್ದ, ಅರಿವೆ ಸುತ್ತುತ್ತಿದ್ದ. ಹಾಗೆ ಬಡಿಯುವಾಗ ಒಮ್ಮೊಮ್ಮೆ ನೀಲವ್ವನ ಎಳೆಯ ಬೆನ್ನು ನೆನಪಾಗಿ ಸುತ್ತಿಗೆ ನಿಂತುಬಿಡುತ್ತಿತ್ತು.

ಒಂಬತ್ತನೆಯ ದಿನ ಅಜ್ಜರು ತಾವೇ ಪಾನಾ ತಂದು ಕೊಟ್ಟರು. ಅಡಿವೆಪ್ಪ ನಟ್ಟಿಗೆ ಹಚ್ಚಿ ಎಡಕ್ಕೆ ಕೈ ಎತ್ತಿದ.

“ಬಲಕ್ಕ ತಿರುಗಿಸು.”

“ಬಿಚ್ಚೂದು ಎಡಕ್ಕ ಅಲ್ಲೇನ್ರೀ?”

“ಹೌದು.”

“ಬಲಕ್ಕ ತಿರುಗಿಸಿದ್ರ ಇನ್ನಷ್ಟು ಬಿಗಿ ಆಗ್ತೈತಲ್ರೀ!”

“ಒಂದು ಕೂದಲೆಳಿಯಷ್ಟು ಆಗಲಿ. ಹನ್ನೆರಡು ವರ್ಷ ಬಿಗಿ ಹಿಡಕೊಂಡು ಕುಂತೈತಿ. ಬಂದ ಕೂಡ್ಲೇ ಅದಕ್ಕ ‘ನೀ ಹಿಡಕೊಂಡಿದ್ದು ತಪ್ಪು’ ಅಂತ ಹೇಳಿ ಜಗ್ಗಿದ್ರ ಅದು ಮುರೀತೈತಿ, ಬಿಡೂದಿಲ್ಲ. ಮೊದಲ ಅದರ ಕಡೀಗೆ ಹೋಗು.”

ಅಡಿವೆಪ್ಪ ನಂಬಿಕೆಯಿಲ್ಲದೆ ಬಲಕ್ಕೆ ಒತ್ತಿದ. ಒಳಗೆಲ್ಲೋ ಕಿರ್ರ್ ಎಂದಿತು. ಕೆಂಪು ತುಕ್ಕಿನ ಪುಡಿ ಅವನ ಕಾಲ ಮೇಲೆ ಉದುರಿತು.

“ಈಗ ಎಡಕ್ಕ.”

ನಟ್ಟು ತಿರುಗಿತು. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಬೆರಳಲ್ಲೇ ಬಿಚ್ಚಿ ಬಂತು.

ಅಡಿವೆಪ್ಪ ಅದನ್ನು ಹಿಡಿದುಕೊಂಡು ಕುಳಿತ. ಆಮೇಲೆ ಅತ್ತ. ಐವತ್ತು ದಾಟಿದ ಗಂಡಸು ಟ್ರ್ಯಾಕ್ಟರಿನ ಗಾಲಿಗೆ ಹಣೆ ಹಚ್ಚಿ ಅಳುವುದನ್ನು ಕೋಳಿಗಳು ಸೀಟಿನ ಮೇಲಿಂದ ನೋಡಿದವು.

“ಅಜ್ಜಾರ, ಹೊಳಿ ದಾಟಿ ಬರಲೇನ್ರೀ?”

“ಇನ್ನ ಆರು ನಟ್ಟು ಅದಾವಲ್ಲ.”

“ಬಂದು ಬಿಚ್ತೀನ್ರೀ.”

“ಸೀರಿ ಗಂಟು?”

“ಅದು ಇಲ್ಲೇ ಇರ್ಲಿರೀ.”

ನೀಲವ್ವನ ಮನೆಯ ಬಾಗಿಲು ಅಂದೂ ಹಾಕಿತ್ತು. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಅಡಿವೆಪ್ಪ ಬಾಗಿಲು ಬಡಿಯಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತ.

“ನೀಲವ್ವಾ, ನಾನು. ಬಾಗಿಲಾ ತಗೀಬ್ಯಾಡ. ನೀ ತಗೀದ ಇದ್ದದ್ದ ಸರಿ ಐತಿ.”

ರೊಟ್ಟಿಯ ಸಪ್ಪಳ ನಿಂತಿತು.

“ನಾ ಮರಿಯೂವಂಥ ತಪ್ಪು ನೀ ಏನೂ ಮಾಡಿಲ್ಲ. ಹೆತ್ತವ್ವನ ಮಣ್ಣಿಗೆ ಬಂದಾಕಿನ್ನ ಅಗಸಿಯೊಳಗ ತಡದಾಂವ ನಾನು. ಅಂಥವಗ ನಾನಾಗಿದ್ರೂ ಬಾಗಿಲಾ ತಗೀತಿದ್ದಿಲ್ಲ.”

ಅವನು ಎದ್ದು ಹೋಗದೆ ಅಲ್ಲೇ ಕುಳಿತ. ಬಿಸಿಲು ಕಟ್ಟೆಯ ಮೇಲಿಂದ ಸರಿದು ಗೋಡೆಗೆ ಹತ್ತಿತು. ಒಳಗೆ ಮತ್ತೆ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ಒಂದು ರೊಟ್ಟಿ, ಎರಡು ರೊಟ್ಟಿ. ಮತ್ತೆ ನಿಂತಿತು.

ಬಾಗಿಲ ಹಿಂದಿನಿಂದ, ತೀರ ಹತ್ತಿರದಿಂದ, ಮಗಳ ದನಿ ಬಂತು.

“ಉಂಡೀಯೇನು?”

ಅಡಿವೆಪ್ಪ ಮಠಕ್ಕೆ ಮರಳಿದಾಗ ದೊಡ್ಡ ಗಾಲಿ ಬೇವಿನ ಗಿಡಕ್ಕೆ ಒರಗಿ ನಿಂತಿತ್ತು. ಉಳಿದ ಆರೂ ನಟ್ಟನ್ನು ಅಜ್ಜರೇ ಬಿಚ್ಚಿ, ಕೈಗೆ ಮೆತ್ತಿದ ಎಣ್ಣೆಯನ್ನು ಬೂದಿಯಲ್ಲಿ ತಿಕ್ಕುತ್ತಾ ಕುಳಿತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿದ.

“ಉಂಡೀಯೇನು ಅಂತ ಕೇಳಿದಳೇನು?”

“ಹೌದ್ರೀ ಅಜ್ಜಾರ. ನಾಲ್ಕು ವರ್ಷದ ಮ್ಯಾಲ ಅಕೀ ದನಿ ಕೇಳಿದೆ.”

“ನೀ ಏನಂದಿ?”

“ಉಂಡೀನವ್ವಾ ಅಂದು ಎದ್ದು ಬಂದೆ.”

“ಉಂಡಿದ್ದೇನು?”

“ಇಲ್ರೀ. ಮುಂಜಾನಿಂದ ಏನೂ ತಿಂದಿಲ್ಲ.”

“ಮತ್ಯಾಕ ಹಂಗಂದಿ?”

“ಅಕೀಗೆ ತ್ರಾಸು ಕೊಡಬಾರದು ಅಂತ. ಅಷ್ಟು ಕೇಳಿದ್ದ ಬಾಳ ಆತು, ಇನ್ನೇನು ಬೇಡೂದು ಅಂತ.”

ಅಜ್ಜರು ಕೈ ತೊಳೆದುಕೊಂಡರು. ಒಳಗೆ ಹೋಗಿ ಒಂದು ತಾಟಿನಲ್ಲಿ ರೊಟ್ಟಿ, ಪಲ್ಯ ತಂದು ಅವನ ಮುಂದಿಟ್ಟು, ಪಕ್ಕದಲ್ಲೇ ಕುಳಿತರು.

“ಇವತ್ತು ಇಲ್ಲಿ ಉಣ್ಣು. ನಾಳೆ ಹಸಕೊಂಡು ಹೋಗು. ಕೇಳಿದ್ರ, ಉಂಡಿಲ್ಲ ಅನ್ನು.”