ನೂರರ ತಂತಿ, ಹತ್ತರ ಕರಾರು

ಹೊಳೆದಂಡೆಯ ಆಶ್ರಮವೊಂದರಲ್ಲಿ ಸಿದ್ರಾಮಜ್ಜ ಎಂಬ ಗುರುಗಳಿದ್ದರು. ಗುರುವಾಗುವ ಮೊದಲು ಅವರು ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್. ಅವರು ಕಂಬ ಹತ್ತಿದರೆ ಕಾಗೆಗಳೂ ಎದ್ದು ಜಾಗ ಬಿಟ್ಟುಕೊಡುತ್ತಿದ್ದವು.

ಒಮ್ಮೆ ಬಿರುಗಾಳಿಗೆ ತಂತಿ ತುಂಡಾಯಿತು. ಸಿದ್ರಾಮಜ್ಜ ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು ಒಂದೂವರೆ ದಿನ ಕಂಬದ ಮೇಲೇ ನಿಂತರು. ಮೂರು ತಾಲ್ಲೂಕಿನ ಮಾತೆಲ್ಲ ಅವರ ಎದೆಯೊಳಗೇ ಹಾದುಹೋಯಿತು. ಕೆಳಗಿಳಿದಾಗ ಮೀಸೆ ನೆಟ್ಟಗೆ ನಿಂತಿತ್ತು. ಮೂರು ತಿಂಗಳು ಎಣ್ಣೆ ಹಚ್ಚಿದರೂ ಬಗ್ಗಲಿಲ್ಲ.

ಆಶ್ರಮ ಔಷಧದ ಎಣ್ಣೆ ಕಾಯಿಸುತ್ತಿತ್ತು. ಏಳು ಊರುಗಳಲ್ಲಿ ಅದರ ವೈದ್ಯಶಾಲೆಗಳು. ಅಲ್ಲಿಗೆ ಮಾತು, ಪತ್ರ, ಚಿತ್ರ ಎಲ್ಲವೂ ಹೋಗುತ್ತಿದ್ದದ್ದು ಕಂಪನಿಯೊಂದರಿಂದ ಬಾಡಿಗೆಗೆ ಪಡೆದ ಒಂದೇ ತಂತಿಯಲ್ಲಿ. ತಂತಿಯ ಬಾಯಲ್ಲಿ, ಬಂದದ್ದನ್ನೆಲ್ಲ ತಂತಿಗೆ ದಾಟಿಸುವ ಒಂದು ರೌಟರ್. ಆಶ್ರಮದವರು ಅದನ್ನು ಪೆಟ್ಟಿಗೆ ಅನ್ನುತ್ತಿದ್ದರು.

ಅಜ್ಜಾರಿಗೆ ಶಿಷ್ಯರು ಇಬ್ಬರು.

ಹಿರಿಯವನು ಭರಮಣ್ಣ. ಬಂದು ಹನ್ನೊಂದು ವರ್ಷವಾಗಿತ್ತು. ಹಳೆಯ ವೈದ್ಯದ ತಾಳೆಗರಿಗಳ ಚಿತ್ರ ತೆಗೆದು ದೂರದ ಅಚ್ಚುಕೂಟಕ್ಕೆ ಕಳಿಸುವುದು ಅವನ ಕೆಲಸ.

ಕಿರಿಯವನು ಮೈಲಾರಿ. ಬಂದು ಎರಡೇ ವರ್ಷ. ಊರೂರ ವೈದ್ಯರು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಹೇಳುವುದು ಅವನ ಕೆಲಸ.

ಮೈಲಾರಿಯನ್ನು ಕಂಡರೆ ಭರಮಣ್ಣನ ಹೊಟ್ಟೆಯಲ್ಲಿ ಕೆಂಡ. ಮೈಲಾರಿಯ ಮಾತು ಪೆಟ್ಟಿಗೆ ಮುಟ್ಟಿದ್ದೇ ತಡ, ದಾಟಿಹೋಗುತ್ತಿತ್ತು. ಭರಮಣ್ಣನ ಗರಿಗಳು ಸಾಲಿನಲ್ಲಿ ಕೂತು ಕಾಯುತ್ತಿದ್ದವು. ಪೆಟ್ಟಿಗೆಗೆ ಆ ಕಟ್ಟಳೆ ಹಾಕಿದವರು ಅಜ್ಜಾರೇ.

ಒಂದು ದಿನ ಅಜ್ಜಾರು ಹೇಳಿದರು: "ನನಗ ಕಣ್ಣು ಮಂಜಾಗ್ಯಾವು. ಬರೋ ಹುಣ್ಣಿವಿಗೆ ಈ ಪೆಟ್ಟಿಗಿ ನಿಮ್ಮಿಬ್ಬರೊಳಗ ಒಬ್ಬನ ಕೈಗೆ ಕೊಡ್ತೀನಿ."

ಅವತ್ತೇ ಭರಮಣ್ಣ ಅಜ್ಜಾರ ಬಳಿ ಹೋಗಿ ಕೇಳಿದ.

"ಅಜ್ಜಾರ, ಈ ತಂತಿ ಎಷ್ಟು ಹೊರತೈತ್ರಿ?"

"ನೂರು."

"ನಮ್ಮ ಪೆಟ್ಟಿಗಿ ಎಷ್ಟು ಬಿಡತೈತ್ರಿ?"

"ಹತ್ತು."

"ಉಳಿದ ತೊಂಬತ್ತು ಯಾರಪ್ಪನ ಮನಿಗಿ ಹೋತ್ರಿ?"

"ಕಂಪನಿ ಜೋಡಿ ನಮ್ಮ ಕರಾರು ಹತ್ತಕ್ಕ ಐತಿ. ಅದಕ್ಕಿಂತ ಹೆಚ್ಚು ನುಗ್ಗಿದ್ದನ್ನ ಅವರ ಕಡೆ ಪೆಟ್ಟಿಗಿ ಕಡಿದು ಒಗೀತೈತಿ. ಯಾರದು, ಏನದು ಅಂತ ಕೇಳೂದಿಲ್ಲ. ಅದಕ್ಕ ನಮ್ಮ ಪೆಟ್ಟಿಗಿ ಇಲ್ಲೇ ತಡದು, ಸಾಲಾಗಿ ಕುಂದರಿಸಿ, ಹತ್ತತ್ತ ಬಿಡತೈತಿ."

"ಅಂದ್ರ ಕುಂದ್ರೂದು ನಂದು, ಹೋಗೂದು ಮೈಲಾರಿದು."

"ಹೌದು," ಎಂದರು ಅಜ್ಜಾರು.

ಆ ಒಂದು 'ಹೌದು' ಭರಮಣ್ಣನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಹುಣ್ಣಿಮೆಯ ಹಿಂದಿನ ದಿನ ಅಚ್ಚುಕೂಟದಿಂದ ಸುದ್ದಿ ಬಂತು. ನಾನೂರ ಹನ್ನೆರಡು ಗರಿಗಳು ನಾಳೆ ಮಧ್ಯಾಹ್ನದೊಳಗೆ ಬಂದರೆ ಗ್ರಂಥ ಈ ವರ್ಷ ಅಚ್ಚಾಗುತ್ತದೆ. ತಪ್ಪಿದರೆ ಮುಂದಿನ ವರ್ಷ.

ಇಡೀ ಗ್ರಂಥವನ್ನು ಒಂದೇ ಉಸಿರಿಗೆ ಕಳಿಸಿಬಿಟ್ಟರೆ ಪೆಟ್ಟಿಗೆ ತನ್ನದೇ ಎಂದುಕೊಂಡ ಭರಮಣ್ಣ. ಮೈಲಾರಿ ಬಾಯಿ ಬಿಟ್ಟುಕೊಂಡು ನೋಡಲಿ.

ಪೆಟ್ಟಿಗೆಯ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿತ್ತು. ಅಜ್ಜಾರು ಅದನ್ನು ಎಂದೂ ಬಚ್ಚಿಟ್ಟವರಲ್ಲ.

ಮರುದಿನ ಬೆಳಿಗ್ಗೆ ಅಜ್ಜಾರು ಹೊಳೆಗೆ ಸ್ನಾನಕ್ಕೆ ಇಳಿದರು. ಭರಮಣ್ಣ ಪೆಟ್ಟಿಗೆಯ ಕಟ್ಟಳೆಗಳನ್ನು ತೆಗೆದುಹಾಕಿದ. ಹತ್ತಕ್ಕೆ ತಡೆಯುವುದೂ ಇಲ್ಲ, ಮಾತಿಗೆ ಮುಂದಿನ ಜಾಗವೂ ಇಲ್ಲ. ನಾನೂರ ಹನ್ನೆರಡು ಗರಿಗಳನ್ನೂ ಒಮ್ಮೆಲೇ ಬಿಟ್ಟ.

ಕಂಪ್ಯೂಟರ್ ಪರದೆಯ ಮೇಲೆ ತಂತಿಯ ಹರಿವು ತೋರಿಸುವ ಗೆರೆ ಹತ್ತು ದಾಟಿತು, ಐವತ್ತು ದಾಟಿತು, ತೊಂಬತ್ತಕ್ಕೆ ಹೋಗಿ ನಿಂತಿತು.

ಭರಮಣ್ಣ ತೊಡೆ ತಟ್ಟಿದ. "ಓಡ್ರಲೇ ನನ್ನ ಕುದರಿಗೋಳ್ರಾ!"

ಅದೇ ಹೊತ್ತಿಗೆ ಆಚೆ ದಂಡೆಯ ವೈದ್ಯಶಾಲೆಯಿಂದ ವೈದ್ಯೆ ಗಂಗವ್ವನ ಫೋನು ಬಂತು. ಆ ದಂಡೆಗೆ ಮೊಬೈಲು ಹತ್ತುತ್ತಿರಲಿಲ್ಲ. ಇದ್ದದ್ದು ಈ ತಂತಿಯೊಂದೇ.

"ಮೈಲಾರಿ, ಒಂದು ಕೂಸು ಮೈಗೆ ಹಚ್ಚೋ ಎಣ್ಣಿ ಕುಡದೈತೋ! ವಾಂತಿ ಮಾಡಸಲೇನು?"

ಉತ್ತರ ಮೈಲಾರಿಗೆ ಬಾಯಿಪಾಠ. ವಾಂತಿ ಮಾಡಿಸಬಾರದು, ಕೂಡಲೇ ದೊಡ್ಡಾಸ್ಪತ್ರೆಗೆ ಒಯ್ಯಬೇಕು. ಆದರೆ ಅವನು ಹೇಳಿದ ಮಾತು ಕಂಪನಿಯ ಪೆಟ್ಟಿಗೆಗೆ ಸಿಕ್ಕಿ ಚೂರುಚೂರಾಗಿ ಹೋಯಿತು. ಅತ್ತಲಿಂದ ಬಂದದ್ದು ಒಂದೇ ಕೂಗು: "ಏನಂದಿ? ಏನಂದಿ?"

ನಾಲ್ಕು ಸಲ ಹೇಳಿದ. ನಾಲ್ಕು ಸಲವೂ ಅಷ್ಟೇ.

ಮೈಲಾರಿ ಫೋನು ಬಿಸಾಕಿ ಓಡಿದ. ಹೊಳೆ ಆವತ್ತು ತುಂಬಿ ಅರ್ಧ ಹರದಾರಿ ಅಗಲವಾಗಿತ್ತು. ಅಂಗಿಯನ್ನೂ ಕಳಚದೆ ಹಾರಿದ.

ಸ್ನಾನ ಮಾಡುತ್ತಿದ್ದ ಅಜ್ಜಾರು ಕೂಗಿದರು: "ಎಲ್ಲಿಗೋ?"

"ಮಾತು ಮುಟ್ಟಸಾಕ್ರಿ!"

ಅವನ ಅವಸರ ನೋಡಿ ಮೊಸಳೆಗಳೇ ದಾರಿ ಬಿಟ್ಟವು. ಆಚೆ ದಂಡೆ ಹತ್ತಿದಾಗ ಅವನ ಜೇಬಿನಲ್ಲಿ ಎರಡು ಮೀನು ಸಿಕ್ಕಿಕೊಂಡಿದ್ದವು. ಗಂಗವ್ವ ಕೂಸಿನ ಬಾಯಿಗೆ ಬೆರಳು ಹಾಕುವ ಮೊದಲೇ ಅವನು ಅವಳ ಕೈ ಹಿಡಿದ. ಕೂಸು ಆಸ್ಪತ್ರೆಗೆ ಹೋಯಿತು, ಉಳಿಯಿತು.

ಸುದ್ದಿ ಈಚೆ ದಂಡೆಗೆ ಬಂದಾಗ ಎಲ್ಲರೂ ಮೈಲಾರಿ, ಮೈಲಾರಿ ಎಂದರು.

ಭರಮಣ್ಣನ ಮುಖ ಸುಟ್ಟ ಬದನೆಕಾಯಿಯಾಯಿತು. ಕೆಡಿಸಿದವನು ನಾನು, ಇದರಲ್ಲೂ ಹೆಸರು ಅವನಿಗೇ ಬಂತಲ್ಲ!

ಇರಲಿ, ಗ್ರಂಥವಂತೂ ನನ್ನದು ಎಂದು ಮಧ್ಯಾಹ್ನ ಅಚ್ಚುಕೂಟಕ್ಕೆ ಕೇಳಿದ.

ಅವರು ಹೇಳಿದರು: ಅರವತ್ತೊಂದು ಗರಿ ಬಂದಿವೆ.

ಭರಮಣ್ಣ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತ. ಅಷ್ಟರಲ್ಲಿ ಅಜ್ಜಾರು ಒಳಗೆ ಬಂದರು. ಅವರ ಹಿಂದೆ, ಹರಿಗೋಲಿನಲ್ಲಿ ಮರಳಿದ್ದ ಮೈಲಾರಿ, ಒದ್ದೆಬಟ್ಟೆಯಲ್ಲಿ ನಡುಗುತ್ತಾ.

"ಗರಿ ಮುಟ್ಟಿದವೇನೋ?"

"ಅರವತ್ತೊಂದು ಮುಟ್ಟ್ಯಾವ್ರಿ."

"ಉಳಿದವು?"

"ಎಲ್ಲಾ ಕಳಿಸೀನ್ರಿ. ಕಂಪನಿ ಪೆಟ್ಟಿಗಿ ಕಡಿದು ಒಗೀತು. ಮತ್ತ ಕಳಿಸಿದೆ, ಮತ್ತ ಒಗೀತು. ಮುಂಜಾನಿಂದ ಕಳಿಸಿದ್ದನ್ನ ಕಳಿಸೀನ್ರಿ."

"ಸಾಲಿನಾಗ ಕುಂತಿದ್ರ?"

ಭರಮಣ್ಣ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಧ್ವನಿ ಇಳಿಯಿತು. "ಇಷ್ಟೊತ್ತಿಗೆ ಎಲ್ಲಾ ಮುಟ್ಟತಿದ್ದವ್ರಿ."

"ಕಟ್ಟಳಿ ತಗದಾವ ಯಾರು?"

"ನಾನ ರೀ."

"ಯಾಕ?"

"ಅವನದು ಮೊದಲ ಹೋಗೂದು ನೋಡಿ ನೋಡಿ ಹೊಟ್ಟಿ ಉರೀತ್ರಿ. ಆ ಕೂಸಿಗೆ ಏನರ ಆಗಿದ್ರ…"

ಅಜ್ಜಾರು ಬೈಯಲಿಲ್ಲ. ಉಗ್ರಾಣಕ್ಕೆ ಹೋಗಿ ಜೋಳದ ಚೀಲ ಎಳೆದು ತಂದರು. ಭರಮಣ್ಣನ ಮುಂದೆ ಸುರಿದರು. ಸುರಿಯುತ್ತಲೇ ಇದ್ದರು. ರಾಶಿ ಅವನ ಮೊಣಕಾಲು ಮುಚ್ಚಿತು.

"ಇದು ಕಟ್ಟಳಿ ಇದ್ದಾಗ ಒಂದು ದಿನಕ್ಕ ಪೆಟ್ಟಿಗಿ ದಾಟಿಸತಿದ್ದ ನಿನ್ನ ಗರಿ."

ಆಮೇಲೆ ಮೈಲಾರಿಯ ಒದ್ದೆ ಅಂಗೈಯಲ್ಲಿ ಒಂದು ಚಿಟಿಕೆ ಜೋಳ ಇಟ್ಟರು.

"ಇದು ಇವನ ಮಾತು."

ಭರಮಣ್ಣ ಚಿಟಿಕೆಯನ್ನು ನೋಡಿದ. ರಾಶಿಯನ್ನು ನೋಡಿದ. ಈ ಎರಡು ವರ್ಷ ಪೆಟ್ಟಿಗೆಯ ಪಕ್ಕದಲ್ಲೇ ಕೂತಿದ್ದರೂ ಅವನು ನೋಡಿದ್ದು ಮುಂದೆ ಹೋದವನ ಬೆನ್ನನ್ನು ಮಾತ್ರ.

ಮೈಲಾರಿ ತಡೆಯಲಾರದೆ ಹೇಳಿಬಿಟ್ಟ: "ಅಣ್ಣಾ, ಸುಳ್ಳ್ಯಾಕ ಹೇಳಲಿ? ನಿನ್ನ ಗರಿ ರಾಶಿ ರಾಶಿ ಹೋಗೂದು ನೋಡಿ ಎರಡು ವರ್ಷ ನನಗ ನಿದ್ದಿ ಹತ್ತಿಲ್ಲ. ತಂತಿ ಎಲ್ಲಾ ಇವಂದ ಆತು, ನನಗ ಎಳಿಯಷ್ಟು ಜಾಗ ಅಂತಿದ್ದೆ."

"ನೀನೂ ಏನೋ?"

"ನಾನೂ."

ಇಬ್ಬರೂ ತಲೆ ತಗ್ಗಿಸಿದರು. ಗ್ರಂಥ ಮುಂದಿನ ವರ್ಷಕ್ಕೆ ಹೋಯಿತು. ಭರಮಣ್ಣ ಎದ್ದು ಕಟ್ಟಳೆಗಳನ್ನು ಮೊದಲಿದ್ದಂತೆ ಹಾಕಿದ. ಗೆರೆ ಹತ್ತಕ್ಕೆ ಇಳಿದು ಸುಮ್ಮನಾಯಿತು.

ಅಜ್ಜಾರು ಹೇಳಿದರು: "ಭರಮಾ, ಇವತ್ತಿನಿಂದ ಪೆಟ್ಟಿಗಿ ನಿಂದು."

ಮೈಲಾರಿಯ ಮುಖ ಸಪ್ಪಗಾಯಿತು. ಭರಮಣ್ಣ ಹೆದರಿ ಹಿಂದೆ ಸರಿದ.

"ಕೆಡಿಸಿದಾವ ನಾನು. ನನಗ್ಯಾಕ್ರಿ?"

"ಕಾಯಕೋತ ಕುಂತವರ ಸಂಕಟ ನಿನಗ ಗೊತ್ತೈತಿ. ಕಡಿದು ಒಗದ್ರ ಏನಾಗತೈತಿ, ಅದೂ ಈಗ ಗೊತ್ತಾತು."

ಭರಮಣ್ಣ ಪೆಟ್ಟಿಗೆಯ ಮೇಲೆ ಕೈಯಿಟ್ಟ. ಹೊಟ್ಟೆಯ ಕೆಂಡ ಪೂರ್ತಿ ಆರಿರಲಿಲ್ಲ. ಕೊನೆಗೆ ಕೇಳಿಯೇ ಬಿಟ್ಟ.

"ಅಜ್ಜಾರ, ಆವತ್ತು ಕಂಬದ ಮ್ಯಾಲ ತಂತಿ ಹಿಡಕೊಂಡು ನಿಂತಿದ್ರಲ್ಲ, ನಿಮ್ಮ ಎದಿಯೊಳಗ ಯಾರ ಮಾತು ಮೊದಲ ಹೋತ್ರಿ?"

ಅಜ್ಜಾರು ತಮ್ಮ ಎರಡು ಅಂಗೈಗಳನ್ನೂ ತಿರುಗಿಸಿ ನೋಡಿಕೊಂಡರು.

"ಅದು ನೆನಪಿಲ್ಲೋ ತಮ್ಮಾ. ತಂತಿ ಬಿಡಲಿಲ್ಲ, ಅಷ್ಟ ನೆನಪೈತಿ."