ಟಕ್ ಅಂದ ಬೋಲ್ಟು

ಕಾವೇರಿಯ ದಂಡೆಯಲ್ಲಿ ಇನ್ನಾಸಪ್ಪ ಮೇಸ್ತ್ರಿಯ ಗ್ಯಾರೇಜು. ಅದಕ್ಕೆ ಗೋಡೆ ಮೂರೇ. ನಾಲ್ಕನೆಯ ಕಡೆ ಹೊಳೆ. ಬೆಳಗಾದರೆ ಹೊಳೆಯ ಮಂಜು ಯಾರನ್ನೂ ಕೇಳದೆ ಒಳಗೆ ಬಂದು ಗಾಡಿಗಳ ಕೆಳಗೆಲ್ಲ ಹರಡಿಕೊಳ್ಳುತ್ತಿತ್ತು. ಆಗ ಕಾರುಗಳು ನೆಲ ಬಿಟ್ಟು ತೇಲುತ್ತಿವೆಯೇನೋ ಅನ್ನಿಸುವುದು.

ಅಂಥ ಒಂದು ಬೆಳಿಗ್ಗೆ ಶಿಷ್ಯ ಚೆಲುವರಾಜು ಕೆಂಪು ಸ್ಪೋರ್ಟ್ಸ್ ಕಾರಿನ ಮುಂದೆ ಮೈಮರೆತು ನಿಂತಿದ್ದ. ಮೂವತ್ತು ದಾಟಿದ ಆಸಾಮಿ, ಆರು ವರ್ಷದಿಂದ ಮೇಸ್ತ್ರಿಯ ಕೈಕೆಳಗೆ ಪಳಗಿದವನು. ಹಿಂದಿನ ದಿನ ಮೇಸ್ತ್ರಿ ಊರಲ್ಲಿರಲಿಲ್ಲ. ಇವನೊಬ್ಬನೇ ನಾಲ್ಕೂ ಚಕ್ರ ಬಿಚ್ಚಿ, ಹಿಂದೆ ಒಂದೊಂದು ಸ್ಪೇಸರ್ ಬಿಲ್ಲೆ ಕೂರಿಸಿ, ಮತ್ತೆ ಹಾಕಿದ್ದ. ಬಿಲ್ಲೆಯ ದಪ್ಪದಷ್ಟು ಚಕ್ರಗಳು ಹೊರಕ್ಕೆ ಬಂದು, ಕಾರು ಕಾಲಗಲಿಸಿ ನಿಂತ ಪೈಲ್ವಾನನ ಹಾಗೆ ಕಾಣುತ್ತಿತ್ತು.

"ಹೇಗಿದೆ ಮೇಸ್ತ್ರಿ?"

"ನಿನ್ನ ಹೆಸರಿನ ಹಾಗೇ ಇದೆ," ಅಂದರು ಇನ್ನಾಸಪ್ಪ. "ಬೋಲ್ಟು?"

"ಬಿಗಿ ಮಾಡಿದೀನಿ. ಟಾರ್ಕ್ ರೆಂಚು ಇಪ್ಪತ್ತು ಸಲಾನೂ ಟಕ್ ಅಂತು."

ಬಿಗಿ ಅಳತೆಗೆ ಬಂದಾಗ ಆ ರೆಂಚು ಟಕ್ ಅನ್ನುತ್ತದೆ. ಚೆಲುವರಾಜುವಿಗೆ ಆ ಸದ್ದೆಂದರೆ ಪ್ರಾಣ.

"ಹಿಡ್ಕೊಂಡಿದೆಯಾ?"

"ಬಿಗಿಯಾಗಿದೆ ಅಂದ್ನಲ್ಲ ಮೇಸ್ತ್ರಿ."

"ನಾನು ಕೇಳಿದ್ದು ಅದಲ್ಲ."

ಮೇಸ್ತ್ರಿ ಪಂಚೆ ಎತ್ತಿ ಕಟ್ಟಿ ಹೊಳೆಗಿಳಿದರು. ಮಂಡಿಯುದ್ದ ನೀರಲ್ಲಿ ನಿಂತು ಕೈ ಚಾಚಿದರು.

"ಎಳಿ ನನ್ನ."

ಚೆಲುವರಾಜು ದಂಡೆಯಿಂದ ಬಗ್ಗಿದ. ಮೇಸ್ತ್ರಿ ಕೊಟ್ಟದ್ದು ಬೆರಳ ತುದಿ ಮಾತ್ರ.

"ಬಿಗಿಯಾಗಿ ಹಿಡಿ."

ಹಿಡಿದ. ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದ. ಮೇಸ್ತ್ರಿ ಸುಮ್ಮನೆ ಹಿಂದಕ್ಕೆ ವಾಲಿದರು. ಬೆರಳು ಜಾರಿತು, ಎಪ್ಪತ್ತರ ಮುದುಕ ದೊಪ್ಪನೆ ನೀರಲ್ಲಿ ಕೂತರು.

"ಬಿಗಿಯಾಗಿ ಹಿಡಿದಿದ್ಯಾ?" ನೀರಲ್ಲಿ ಕೂತೇ ಕೇಳಿದರು.

"ದೇವರಾಣೆಗೂ ಹಿಡಿದಿದ್ದೆ ಮೇಸ್ತ್ರಿ."

"ಎಷ್ಟು ಹಿಡಿದಿದ್ದೆ?"

ಚೆಲುವರಾಜು ತನ್ನ ಬೆರಳ ತುದಿ ನೋಡಿಕೊಂಡ. ಮೇಸ್ತ್ರಿಯನ್ನು ಮೇಲೆತ್ತುವುದನ್ನೂ ಮರೆತು ಕಾರಿನ ಹತ್ತಿರ ಓಡಿದ. ಒಂದು ಬೋಲ್ಟು ಸಡಿಲಿಸಿ, ಬೆರಳಲ್ಲಿ ತಿರುಗಿಸುತ್ತ ಎಣಿಸಿದ. ಒಂದು. ಎರಡು. ಮೂರು.

ಮೂರನೆಯ ಸುತ್ತಿಗೆ ಬೋಲ್ಟು ಕೈಗೇ ಬಂತು.

ಅವನು ಹಾಕಿದ್ದು ಕಾರಿನ ಹಳೆಯ ಬೋಲ್ಟುಗಳನ್ನೇ. ನಡುವೆ ಬಂದ ಬಿಲ್ಲೆ ತನ್ನ ದಪ್ಪದಷ್ಟು ಉದ್ದವನ್ನು ನುಂಗಿಕೊಂಡಿತ್ತು. ಬೆರಳಲ್ಲೇ ಏಳು ಸುತ್ತು ಒಳಗೆ ಹೋಗದ ಬೋಲ್ಟಿಗೆ ರೆಂಚು ಮುಟ್ಟಿಸಬಾರದು ಅನ್ನುವುದು ಆ ಗ್ಯಾರೇಜಿನ ವಾಡಿಕೆ. ನಿನ್ನೆ ಚೆಲುವರಾಜು ಕಾರಿನ ಸೊಗಸು ನೋಡುತ್ತ ಎಣಿಸುವುದನ್ನೇ ಬಿಟ್ಟಿದ್ದ.

ಹತ್ತು ಗಂಟೆಗೆ ಕಾರಿನ ಯಜಮಾನಿ ಕುಮುದಾ ಮೇಡಂ ಬರುವವರಿದ್ದರು. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇರವಾಗಿ ಊಟಿಯ ಘಾಟಿ ಹತ್ತುವುದು ಅವರ ಆಸೆ. ಎಲ್ಲ ಆಯಿತು, ಬನ್ನಿ ಅಂತ ಸಂಜೆಯೇ ಫೋನು ಮಾಡಿದವನು ಇವನೇ.

"ಬೇಗ ಬದಲಾಯಿಸಿಬಿಡ್ತೀನಿ ಮೇಸ್ತ್ರಿ. ಅವರಿಗೆ ಗೊತ್ತೇ ಆಗಲ್ಲ."

ಮೇಸ್ತ್ರಿ ತಾವೇ ದಂಡೆ ಹತ್ತಿ ಬಂದಿದ್ದರು. ಅವರ ಮೈಯಿಂದ ಹೊಳೆ ತೊಟ್ಟಿಕ್ಕುತ್ತಿತ್ತು.

ಡಬ್ಬಿಗಳನ್ನೆಲ್ಲ ತಡಕಿ ಬೇರೆ ಯಾವುದೋ ಕಾರಿನ ಉದ್ದನೆಯ ಬೋಲ್ಟುಗಳನ್ನು ತಂದ. ಒಂದನ್ನು ಬೆರಳಲ್ಲಿ ತಿರುಗಿಸಿದ. ಎಂಟು ಸುತ್ತು ಹೋಯಿತು. ಅವನಿಗೆ ಹೋದ ಜೀವ ಬಂದ ಹಾಗಾಯಿತು.

ಮೇಸ್ತ್ರಿ ಆ ಬೋಲ್ಟನ್ನು ಬಿಚ್ಚಿಸಿದರು. ಟೀ ಪಾತ್ರೆಯ ತಳದ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಬೋಲ್ಟಿನ ತಲೆಯ ಕೆಳಗೆ, ಚಕ್ರಕ್ಕೆ ಒತ್ತಿ ಕೂರುವ ಕುತ್ತಿಗೆಗೆಲ್ಲ ಬಳಿದರು.

"ಹಾಕು. ತೆಗಿ."

ಹಾಕಿದ, ತೆಗೆದ. ಮಸಿ ಅಳಿಸಿದ್ದು ಕೂದಲೆಳೆಯಷ್ಟು ಗೆರೆಯಲ್ಲಿ ಮಾತ್ರ. ಮಿಕ್ಕ ಕುತ್ತಿಗೆ ಹಾಗೇ ಕಪ್ಪಗಿತ್ತು. ಈ ಬೋಲ್ಟಿನ ಕುತ್ತಿಗೆ ಬುಗುರಿಯ ಹಾಗೆ ಇಳಿಜಾರು. ಚಕ್ರದ ಕುಳಿ ಬಟ್ಟಲಿನ ಹಾಗೆ ದುಂಡಗೆ. ಎರಡೂ ಒಂದನ್ನೊಂದು ಮುಟ್ಟಿಯೂ ಮುಟ್ಟದ ಹಾಗಿದ್ದವು.

"ಇದೂ ಟಕ್ ಅನ್ನುತ್ತಾ ಮೇಸ್ತ್ರಿ?"

"ಅನ್ನುತ್ತೆ. ರೆಂಚಿಗೇನು ಗೊತ್ತು, ಪಾಪ."

"ದುಂಡು ಕುತ್ತಿಗೇದೇ, ಇನ್ನೂ ಉದ್ದ ಇರೋದನ್ನ ತಂದ್ರೆ?"

"ಬಿಲ್ಲೆ ದಪ್ಪ ಎಷ್ಟೋ ಅಷ್ಟು ಮಾತ್ರ ಉದ್ದ ಹೆಚ್ಚಬೇಕು ಕಣಪ್ಪ. ಜಾಸ್ತಿಯಾದ್ರೆ ಒಳಗೆ ಬ್ರೇಕಿದೆ, ಅದಕ್ಕೆ ಹೋಗಿ ತಿವಿಯುತ್ತೆ."

ಸರಿಯಾದ ಬೋಲ್ಟು ಮೈಸೂರಿನಿಂದ ಬರಬೇಕು. ಬರುವುದು ನಾಳೆ.

ಮಂಜು ಕರಗುವ ಹೊತ್ತಿಗೆ ಆಟೋ ಬಂದು ನಿಂತಿತು. ಕುಮುದಾ ಮೇಡಂ ಇಳಿದರು. ಒಳಗೆ ಅವರ ತಾಯಿ, ಮುಡಿಯಲ್ಲಿ ಮಲ್ಲಿಗೆ, ತೊಡೆಯ ಮೇಲೆ ಕಾಫಿಯ ಫ್ಲಾಸ್ಕು.

ಚೆಲುವರಾಜು ಮೇಸ್ತ್ರಿಯ ಕಡೆ ನೋಡಿದ. ಅವರು ಬೆನ್ನು ತಿರುಗಿಸಿ ಪಂಚೆ ಹಿಂಡುತ್ತಿದ್ದರು. ಹೊಳೆಯ ಸದ್ದು ಎಲ್ಲೋ ಕನಸಿನಲ್ಲಿ ಕೇಳಿದ ಹಾಗಿತ್ತು.

"ಮೇಡಂ, ಗಾಡಿ ಇವತ್ತು ಕೊಡಲ್ಲ."

"ನಿನ್ನೆ ಆಯ್ತು ಅಂದ್ರಲ್ಲ?"

"ತಪ್ಪು ಮಾಡಿದ್ದೆ. ಬೋಲ್ಟು ಮೂರೇ ಸುತ್ತು ಹಿಡ್ಕೊಂಡಿತ್ತು. ಘಾಟಿಯಲ್ಲಿ ಚಕ್ರ ಕಳಚಿ ಹೋಗಬಹುದಿತ್ತು."

ಮೇಡಂ ತಿರುಗಿ ಆಟೋದೊಳಗಿದ್ದ ತಾಯಿಯನ್ನು ನೋಡಿದರು. ಆಮೇಲೆ ಕಾರನ್ನು ನೋಡಿದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮೇಸ್ತ್ರೀ," ಅಂದರು ಕೊನೆಗೆ, "ನಾಳೆ ನೀವೇ ಹಾಕಿಕೊಡಿ. ಇವರ ಕೈ ಮಾತ್ರ ಬೇಡ."

ಚೆಲುವರಾಜು ತಲೆ ತಗ್ಗಿಸಿದ. ಆರು ವರ್ಷ ಹೊಳೆಯಲ್ಲಿ ಕೊಚ್ಚಿಕೊಂಡು ಹೋಯಿತು ಅನ್ನಿಸಿತು.

ಮೇಸ್ತ್ರಿ ಪಂಚೆ ಕೊಡವಿ ಸುತ್ತಿಕೊಂಡರು.

"ನಿನ್ನೆಯಾಗಿದ್ರೆ ಹಾಗೇ ಮಾಡ್ತಿದ್ದೆ ತಾಯಿ. ಇವತ್ತು ನಮ್ಮಿಬ್ಬರಲ್ಲಿ ಭಯ ಹಸಿಯಾಗಿರೋದು ಇವನ ಕೈಯಲ್ಲೇ."