ಅತ್ತಿಗೆ ಬಸಿದ ಕಟ್ಟು

“ಗುರುಗಳೇ, ಕೇಡು ಮಾಡಿದವರಿಗೂ ಋಣಿಯಾಗಿರಬೇಕೇ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ. “ತಂದೆ ತಾಯಿಯಿಲ್ಲದ ನನ್ನನ್ನು ಸೋದರಮಾವ ಸಾಕಿದರು. ಒಮ್ಮೆ ಕಿವಿನೋವೆಂದು ಅತ್ತಾಗ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಬಿಸಿಯಾಗಿಯೇ ಹೊಯ್ದರು. ಆ ಕಿವಿ ಇಂದಿಗೂ ಕೇಳಿಸುವುದಿಲ್ಲ. ಅವರೊಡನೆ ಮಾತು ಬಿಟ್ಟು ಆರು ವರ್ಷವಾಯಿತು.”

ಗುರುಗಳು ನಕ್ಕರು. “ಇನ್ನೊಂದು ಕಿವಿ ಇದೆಯಲ್ಲ, ಅದನ್ನು ಇತ್ತ ಕೊಡು,” ಎಂದು ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಎಳವೆಯಿಂದ ಅವನನ್ನು ಸಾಕಿದವಳು ಅತ್ತಿಗೆ. ಒಂದು ವರ್ಷ ಅವನಿಗೆ ಮಗ್ಗದ ಮುಂದೆ ಕೂತರೆ ಏದುಸಿರು ಬರತೊಡಗಿತು. ಮುಖ ಬಿಳಿಚಿಕೊಂಡದ್ದನ್ನು ಮೊದಲು ಕಂಡವಳು ಅತ್ತಿಗೆಯೇ. ರಕ್ತ ಕಡಿಮೆಯಾಗಿದೆ ಎಂದಳು. ಆ ಮಾತು ಸುಳ್ಳೂ ಆಗಿರಲಿಲ್ಲ. ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿ, ಆ ಕಟ್ಟಿನಲ್ಲೇ ಸತ್ವವೆಲ್ಲ ಇರುತ್ತದೆಂಬುದು ಅವಳ ನಂಬಿಕೆ. ದಿನಾ ಬೆಳಗ್ಗೆ ಒಂದು ಚೊಂಬು ಕಟ್ಟನ್ನು ಅವನಿಗೆ ಕುಡಿಸಿ, ಬೆಂದ ಸೊಪ್ಪನ್ನು ಮಿಕ್ಕವರಿಗೆ ಬಡಿಸಿದಳು. ತಿಂಗಳು ತುಂಬುವುದರೊಳಗೆ ನೇಕಾರನ ಕೈಕಾಲು ಸೋತವು, ಎದೆಬಡಿತ ತಪ್ಪಿತು. ಮಗ್ಗದ ಮೇಲೆಯೇ ಕುಸಿದ.

ಆಸ್ಪತ್ರೆಯಲ್ಲಿ ಹೇಗೋ ಜೀವ ಉಳಿಯಿತು. ವೈದ್ಯರು ಅತ್ತಿಗೆಯನ್ನು ಕರೆದು ಹೇಳಿದರು: “ಇವರ ಕಿಡ್ನಿ ಬಹಳ ದಿನದಿಂದ ಸೋತಿದೆಯಮ್ಮ. ರಕ್ತ ಹುಟ್ಟಿಸು ಎಂದು ಎಲುಬಿನ ಮಜ್ಜೆಗೆ ಹೇಳಬೇಕಾದದ್ದು ಅದೇ. ಈಗ ಹೇಳುತ್ತಿಲ್ಲ. ಅದಕ್ಕೆ ಇಂಜೆಕ್ಷನ್ ಬೇಕು, ಸೊಪ್ಪಿನಿಂದ ಆಗದು. ಸೊಪ್ಪಿನ ಪೊಟ್ಯಾಶಿಯಂ ಎಲ್ಲ ಕಟ್ಟಿನೊಳಕ್ಕೆ ಇಳಿದಿರುತ್ತದೆ. ಇವರ ಕಿಡ್ನಿ ಅದನ್ನು ಹೊರಹಾಕಲಾರದೆ ಎದೆಬಡಿತ ಕೆಟ್ಟಿತು. ಇನ್ನು ಮೇಲೆ ಕಟ್ಟು ಚೆಲ್ಲಿ, ಸೊಪ್ಪನ್ನಷ್ಟೇ ಕೊಂಚ ಕೊಡಿ.”

ಅಂದಿನಿಂದ ಅತ್ತಿಗೆ ಒಲೆಯ ಹತ್ತಿರ ಸುಳಿಯಲಿಲ್ಲ. ನೇಕಾರ ಮನೆಗೆ ಬಂದ ದಿನ ಅವಳು ನಡುಮನೆಯ ಮೂಲೆಯಲ್ಲಿ ಕೂತಿದ್ದಳು. ಅವನು ಎಲೆ ಹಾಕಿಕೊಂಡು ಕೂತ. ಹೆಂಡತಿ ಬಡಿಸಲು ಬಂದರೆ ತಡೆದ.

“ಅತ್ತಿಗೆ, ನೀವೇ ಬಡಿಸಿ.”

“ಈ ಕೈಯಿಂದಲೇ ನಿನ್ನ ಜೀವ ತೆಗೀತಿದ್ದೆನಪ್ಪ. ಇನ್ನು ಬೇಡ.”

“ನಾನು ಬಿಳಿಚಿಕೊಂಡದ್ದು ಇವಳಿಗೆ ಕಾಣಲಿಲ್ಲ, ನನಗೂ ಕಾಣಲಿಲ್ಲ. ನಿಮಗೆ ಕಂಡಿತು. ಅಮ್ಮ ಬದುಕಿದ್ದರೂ ನನ್ನನ್ನು ಇದಕ್ಕಿಂತ ಹೆಚ್ಚು ನೋಡ್ಕೊಳ್ತಿರಲಿಲ್ಲ. ಕಟ್ಟು ಚೆಲ್ಲೋದೊಂದು ಕಲಿತುಕೊಳ್ಳಿ, ಸಾಕು. ನನಗೆ ಹಸಿವಾಗಿದೆ.”

ಅತ್ತಿಗೆ ಎದ್ದಳು. ಸೊಪ್ಪು ಬೇಯಿಸಿ, ಬಸಿದ ನೀರನ್ನು ಹಿತ್ತಲಿಗೆ ಚೆಲ್ಲಿ ಬಂದಳು. ಅಳುತ್ತಲೇ ಬಡಿಸಿದಳು. ಅವಳ ಕೈಯಡುಗೆ ಮತ್ತೆ ಸಿಕ್ಕಿತಲ್ಲ ಎಂದು ನೇಕಾರನ ಕಣ್ಣೂ ತುಂಬಿತು. ಸಪ್ಪೆ ಸೊಪ್ಪನ್ನೇ ಎರಡು ಸಲ ಹಾಕಿಸಿಕೊಳ್ಳಲು ಹೋಗಿ ಅವಳಿಂದ ಬೈಸಿಕೊಂಡ.

ಕತೆ ಮುಗಿಯಿತೆಂದುಕೊಂಡು ಮುರಿಗೆಪ್ಪ ಹೇಳಿದ: “ಅವನಿಗೇನು ಗುರುಗಳೇ, ರೋಗ ವಾಸಿಯಾಯಿತು, ಉಪಕಾರ ನೆನೆದ. ನನ್ನ ಕಿವಿ ಮತ್ತೆ ಬರುತ್ತದೆಯೇ?”

ಗುರುಗಳು ಎಂದರು: “ಅವನ ಕಿಡ್ನಿಯೂ ಮತ್ತೆ ಬರಲಿಲ್ಲ, ಮಗು; ಉಣ್ಣುವ ದಿನಗಳು ಎಷ್ಟು ಉಳಿದಿದ್ದವೋ ಅಷ್ಟನ್ನೂ ಆ ಅತ್ತಿಗೆಯ ಕೈಯಲ್ಲೇ ಉಂಡ.”